ಟಪಾಲು ಚೀಲ ಕಿತ್ತವರನ್ನು ಹಿಡಿದುಕೊಟ್ಟ ನಿವೃತ್ತ ಪೋಸ್ಟ್‌ಮಾಸ್ಟರ್‌ಗೆ ಸರ್ಕಾರಿ ಇನಾಮು: ಅರ್ಜಿ ಯಾರಿಗೆ, ಹೇಗೆ?

ಡೊಂಬಿವಲಿ ಪೂರ್ವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಠಾಣೆ ಜಿಲ್ಲೆಯ ಒಂದು ಸಬ್ ಪೋಸ್ಟ್ ಆಫೀಸಿನಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿದ್ದು 2019ರಲ್ಲಿ ನಿವೃತ್ತರಾದ ಕನ್ನಡಿಗರೊಬ್ಬರ ಪರವಾಗಿ ಕೇಳುತ್ತಿದ್ದೇನೆ. ಸಂಗತಿ ಇಷ್ಟು.

2017ರ ಡಿಸೆಂಬರ್, ಸಂಜೆ ಏಳರ ಸುಮಾರು. ಹೆಡ್ ಆಫೀಸಿಗೆ ಹೋಗಬೇಕಿದ್ದ ಕ್ಯಾಶ್ ಬ್ಯಾಗು ಮತ್ತು ಎರಡು ಟಪಾಲು ಚೀಲಗಳನ್ನು ಮೇಲ್ ವ್ಯಾನಿಗೆ ಏರಿಸುತ್ತಿದ್ದಾಗ ಮೂವರು ಬಂದು, ಚೀಲ ಹೊತ್ತಿದ್ದ ನೌಕರನ ಕಣ್ಣಿಗೆ ಖಾರದ ಪುಡಿ ಎರಚಿ, ಕ್ಯಾಶ್ ಬ್ಯಾಗು ಕಿತ್ತುಕೊಂಡು ಓಡಿದರು. ಪೋಸ್ಟ್‌ಮಾಸ್ಟರ್ ಬೆನ್ನಟ್ಟಿ, ಬೀದಿಯ ಅಂಗಡಿಯವರೊಬ್ಬರ ನೆರವಿನಿಂದ ಇಬ್ಬರನ್ನು ಹಿಡಿದರು. ಬ್ಯಾಗು ಸೀಲು ಒಡೆಯದೆ ಸಿಕ್ಕಿತು. ಮೂರನೆಯವನನ್ನು ಕೆಲವು ವಾರಗಳ ನಂತರ ಪೊಲೀಸರು ಹಿಡಿದರು. ಐಪಿಸಿ 394 (ಗಾಯಪಡಿಸಿ ಸುಲಿಗೆ) ಮತ್ತು 34ರ (ಒಂದೇ ಉದ್ದೇಶದಿಂದ ಹಲವರು ಸೇರಿ ಮಾಡಿದ್ದು) ಅಡಿ ಕೇಸು ನಡೆದು 2022ರಲ್ಲಿ ಮೂವರಿಗೂ ಶಿಕ್ಷೆಯಾಯಿತು.

ಇಲಾಖೆಯಿಂದ ಒಂದು ಪ್ರಶಂಸಾ ಪತ್ರ ಬಂದಿದೆ. ‘ನಗದು ಇನಾಮಿಗೂ ಮೇಲಕ್ಕೆ ಬರೆದಿದ್ದೇವೆ’ ಎಂದು ಆಗಿನ ಮೇಲಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದರು. ಹಣ ಬಂದಿಲ್ಲ, ಕಾಗದವೂ ಇಲ್ಲ. ಈಗ ಕೇಳಬಹುದೇ? ಕೇಳುವುದಾದರೆ ಅಂಚೆ ಇಲಾಖೆಯನ್ನೋ ಪೊಲೀಸರನ್ನೋ? ಅವಧಿ ಮೀರಿಹೋಗಿದೆಯೇ? ಕೋರ್ಟಿಗೆ ಹೋಗುವುದರಲ್ಲಿ ಅರ್ಥವಿದೆಯೇ?

ಕೆಂಪು ಡಬ್ಬಿ, ಮುಲುಂಡ್

ಸರ್, ‘ಇನಾಮು’ ಅನ್ನುವ ಒಂದೇ ಮಾತಿನಲ್ಲಿ ಬೇರೆ ಬೇರೆ ಹಣ ಬೆರೆತುಹೋಗುತ್ತದೆ. ಅದನ್ನು ಮೊದಲು ಬಿಡಿಸಿಕೊಳ್ಳಬೇಕು. ಬಿಡಿಸದೆ ಬರೆದ ಅರ್ಜಿಯನ್ನು ಅಂಚೆಯವರು ಪೊಲೀಸರ ಕಡೆಗೆ, ಪೊಲೀಸರು ಅಂಚೆಯ ಕಡೆಗೆ ತಳ್ಳುತ್ತಾರೆ, ಎರಡು ವರ್ಷ ಅಲ್ಲೇ ಕಳೆಯುತ್ತದೆ.

ಒಂದು, ಮುಂಚೆಯೇ ಸಾರಿದ ಇನಾಮು. ‘ಇಂಥವರನ್ನು ಹಿಡಿದುಕೊಟ್ಟವರಿಗೆ ಇಷ್ಟು’ ಎಂದು ಪೊಲೀಸರೋ ಇಲಾಖೆಯೋ ನೋಟಿಸು ಹೊರಡಿಸಿದ್ದರೆ ಅದು. ಪೊಲೀಸರ ನೋಟಿಸಾದರೆ ಹಣ ರಾಜ್ಯ ಸರ್ಕಾರದ್ದು, ಅಂಚೆಯವರು ಅದರಲ್ಲಿ ಏನೂ ಮಾಡಲಾರರು. ಎರಡು, ಘಟನೆ ನಡೆದ ಮೇಲೆ ಮೆಚ್ಚಿ ಕೊಡುವ ಇಲಾಖಾ ನಗದು ಬಹುಮಾನ. ಇದು ಮೇಲಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಮಂಜೂರಾಗುವ ತನಕ ಹಕ್ಕಲ್ಲ. ನೀವು ಬರೆದದ್ದು ನೋಡಿದರೆ ನಿಮ್ಮದು ಈ ಎರಡನೆಯದು. ಮೂರನೆಯದು ಬಹುಮಾನವೇ ಅಲ್ಲ, ಗಾಯಕ್ಕೆ ಸಿಗುವ ಪರಿಹಾರ. ಖಾರದ ಪುಡಿ ಬಿದ್ದ ನೌಕರನ ಕಣ್ಣಿಗೆ ಶಾಶ್ವತ ತೊಂದರೆ ಆಗಿದ್ದರೆ ಅವರ ದಾರಿ ಬೇರೆ, ಇದರ ಜೊತೆ ಕಲಸಬೇಡಿ.

ಬಹಳ ಜನ ಎಡವುವ ಜಾಗ ಫಂಡಮೆಂಟಲ್ ರೂಲ್ (ಎಫ್‌ಆರ್) 48, ಅಂದರೆ ಕೇಂದ್ರ ಸರ್ಕಾರಿ ನೌಕರರ ಮೂಲ ಸೇವಾ ನಿಯಮಗಳಲ್ಲಿ ಒಂದು. ಅಪರಾಧಿಯನ್ನು ಹಿಡಿದದ್ದಕ್ಕೆ ಸಾರಿದ ಇನಾಮನ್ನು ಸರ್ಕಾರಿ ನೌಕರ ವಿಶೇಷ ಅನುಮತಿ ಇಲ್ಲದೆ ಪಡೆದು ಇಟ್ಟುಕೊಳ್ಳಬಹುದು ಎಂದು ಅದರಲ್ಲಿದೆ. ‘ನೀವು ಸಂಬಳಕ್ಕಿದ್ದವರು, ಇನಾಮು ತಗೊಳ್ಳುವ ಹಾಗಿಲ್ಲ’ ಎಂದು ಕ್ಲಾರ್ಕು ಹೇಳಿದರೆ ತೋರಿಸಲು ಅದು ಸರಿಯಾದ ಉತ್ತರ. ಆದರೆ ಅದು ಇಟ್ಟುಕೊಳ್ಳಲು ಕೊಟ್ಟ ಅನುಮತಿ ಮಾತ್ರ, ಹಣ ಹುಟ್ಟಿಸುವ ನಿಯಮವಲ್ಲ. ‘ಎಫ್‌ಆರ್ 48ರ ಪ್ರಕಾರ ನನಗೆ ಇನಾಮು ಕೊಡಿ’ ಎಂದು ಬರೆದ ಅರ್ಜಿ ತಿರಸ್ಕಾರಕ್ಕೆ ತಾನೇ ಕಾರಣ ಒದಗಿಸಿದ ಹಾಗೆ.

ಇನ್ನು ಕಾಗದ. ‘ಹಿಡಿದವರು ಇವರೇ’ ಎಂದು ತೋರಿಸುವುದು ಕಾಣುವಷ್ಟು ಸುಲಭವಲ್ಲ. ಆಗಿನ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 43ರ ಪ್ರಕಾರ, ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ) ಅಪರಾಧ ಮಾಡಿದವನನ್ನು ಯಾವ ನಾಗರಿಕನೂ ಹಿಡಿದು, ತಡಮಾಡದೆ ಪೊಲೀಸರಿಗೆ ಒಪ್ಪಿಸಬಹುದು. (ಅದರ ಜಾಗಕ್ಕೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್ 40ರಲ್ಲಿ ಅದಕ್ಕೆ ಆರು ಗಂಟೆಯ ಮಿತಿ ಸೇರಿದೆ.) ಒಪ್ಪಿಸಿದ ಮೇಲೆ ಪೊಲೀಸರು ಅವನನ್ನು ಮತ್ತೆ ದಸ್ತಗಿರಿ ಮಾಡುತ್ತಾರೆ. ದಸ್ತಗಿರಿ ಕಾಗದದಲ್ಲಿ ಉಳಿಯುವುದು ಈ ಎರಡನೆಯ ದಸ್ತಗಿರಿ, ಪೊಲೀಸರ ಹೆಸರಿನಲ್ಲಿ. ಎಫ್‌ಐಆರ್ ಕೂಡ ಪೋಸ್ಟಲ್ ಇನ್ಸ್‌ಪೆಕ್ಟರ್ ಅಥವಾ ಎಎಸ್‌ಪಿ (ಅಂಚೆಯ ಸಹಾಯಕ ಸೂಪರಿಂಟೆಂಡೆಂಟ್) ಫಿರ್ಯಾದಿಯಾಗಿ ಕೊಟ್ಟಿದ್ದರೆ ಪೋಸ್ಟ್‌ಮಾಸ್ಟರ್ ಹೆಸರು ಮೊದಲ ಪುಟದಲ್ಲೇ ಇರುವುದಿಲ್ಲ.

ಹಾಗಾಗಿ ಎಲ್ಲಕ್ಕಿಂತ ಗಟ್ಟಿ ಕಾಗದ ಕೋರ್ಟಿನದು: ತೀರ್ಪಿನ ದೃಢೀಕೃತ ನಕಲು, ಮತ್ತು ಸಾಕ್ಷಿಯಾಗಿ ಅವರು ಕೊಟ್ಟ ಹೇಳಿಕೆಯ ನಕಲು. ತೀರ್ಪಿನಲ್ಲಿ ‘ಈ ಸಾಕ್ಷಿ ಆರೋಪಿ 1 ಮತ್ತು 2ನ್ನು ಸ್ಥಳದಲ್ಲೇ ಹಿಡಿದರು’ ಎಂಬ ಒಂದು ಸಾಲು ಇದ್ದರೆ, ಪ್ರಶಂಸಾ ಪತ್ರ ಹತ್ತು ಇದ್ದರೂ ಅದಕ್ಕೆ ಸಮವಲ್ಲ. ಆ ಸಾಲಿನ ಪುಟ ಮತ್ತು ಪ್ಯಾರಾ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆಯಿರಿ.

ಇಲಾಖೆಯ ಕಡೆಯಿಂದ ಬೇಕಾದದ್ದು ಆ ದಿನದ ಮೇಲ್ ಲಿಸ್ಟು (ಎಷ್ಟು ಚೀಲ), ಸಬ್ ಆಫೀಸಿನ ಡೈಲಿ ಅಕೌಂಟು (ಹೆಡ್ ಆಫೀಸಿಗೆ ಕಳಿಸಿದ ಹಣದ ಮೊತ್ತ), ಆ ರಾತ್ರಿಯೇ ಡಿವಿಜನ್‌ಗೆ (ಸಬ್ ಆಫೀಸುಗಳ ಮೇಲಿನ ಕಚೇರಿಗೆ; ಅದರ ಮೇಲೆ ರೀಜನ್, ಅದರ ಮೇಲೆ ಸರ್ಕಲ್) ಹೋದ ವರದಿ. ಬ್ಯಾಗು ಮುದ್ದೆಮಾಲಾಗಿ (ಕೇಸಿನ ಜಪ್ತಿ ವಸ್ತುವಾಗಿ) ಪೊಲೀಸರ ವಶದಲ್ಲಿದ್ದಷ್ಟು ದಿನ ಆ ಮೊತ್ತ ಲೆಕ್ಕದಲ್ಲಿ ಯುಸಿಪಿ (ವರ್ಗೀಕರಿಸದ ಪಾವತಿ) ಆಗಿ ಖರ್ಚು ಬಿದ್ದಿರುತ್ತದೆ, ಕೋರ್ಟಿನ ಆದೇಶದ ಮೇಲೆ ವಾಪಸು ಬಂದ ದಿನ ಯುಸಿಆರ್ (ವರ್ಗೀಕರಿಸದ ಸ್ವೀಕೃತಿ) ಆಗಿ ಜಮೆಯಾಗಿರುತ್ತದೆ. ಈ ಎರಡು ನಮೂದು ಸಿಕ್ಕರೆ ‘ಸರ್ಕಾರದ ಇಷ್ಟು ಹಣ ಇವರಿಂದ ಉಳಿಯಿತು’ ಎಂಬುದು ಇಲಾಖೆಯ ಸ್ವಂತ ಪುಸ್ತಕದಲ್ಲೇ ಸಿದ್ಧವಾಗಿದೆ.

ಶಿವಾಜಿನಗರ ವಕೀಲ, ಪುಣೆ

ಮೇಲಿನವರು ಹೇಳಿದ ಮೊದಲೆರಡು ಬಗೆಯ ಹಣಕ್ಕೆ ಕಾನೂನಿನ ನೆಲೆಯೂ ಬೇರೆ ಬೇರೆ.

ಸಾರಿದ ಇನಾಮು ಒಂದು ಒಪ್ಪಂದ. 1872ರ ಕರಾರು ಕಾಯ್ದೆಯ 8ನೇ ಕಲಮಿನ ಪ್ರಕಾರ, ಸಾರಿದ ಷರತ್ತನ್ನು ಪೂರೈಸಿದರೆ ಅದೇ ಒಪ್ಪಿಗೆ. ಆದರೆ ಪೂರೈಸುವಾಗ ಆ ಸಾರಿಕೆ ಗೊತ್ತಿರಬೇಕು. 1913ರ ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್ತ ಪ್ರಕರಣ ಇಲ್ಲಿ ಅಕ್ಷರಕ್ಷರ ಹೊಂದುತ್ತದೆ. ಯಜಮಾನನ ಮನೆಯ ಹುಡುಗನೊಬ್ಬ ಮನೆ ಬಿಟ್ಟು ಹೋದ. ಹುಡುಕಿ ಬಾ ಎಂದು ಮುನೀಮನನ್ನು ಹರಿದ್ವಾರಕ್ಕೆ ಕಳಿಸಿದರು. ಆತ ಹೋದ ಮೇಲೆ ಇಲ್ಲಿ 501 ರೂ. ಇನಾಮಿನ ಕರಪತ್ರ ಹಂಚಿದರು. ಹುಡುಗನನ್ನು ಪತ್ತೆ ಮಾಡಿದ ಮುನೀಮ ಆಮೇಲೆ ಇನಾಮು ಕೇಳಿದ. ಅಲಹಾಬಾದ್ ಹೈಕೋರ್ಟು ಕೊಡಲಿಲ್ಲ. ಹುಡುಕುವಾಗ ಕರಪತ್ರದ ವಿಷಯ ಅವನಿಗೆ ಗೊತ್ತಿರಲಿಲ್ಲ, ಹುಡುಕುವುದು ಅವನ ಕೆಲಸವೇ ಆಗಿತ್ತು. ಅದೇ ಹೈಕೋರ್ಟಿನ ಹರ್ ಭಜನ್ ಲಾಲ್ ಪ್ರಕರಣದಲ್ಲಿ 500 ರೂ.ಗಳ ಕರಪತ್ರ ಗೊತ್ತಿದ್ದವರು ಬರೇಲಿ ಸ್ಟೇಷನ್ ಹತ್ತಿರ ಹುಡುಗನನ್ನು ಗುರುತಿಸಿ, ರೈಲ್ವೆ ಪೊಲೀಸರ ಬಳಿ ಬಿಟ್ಟು, ತಂದೆಗೆ ತಂತಿ ಕೊಟ್ಟರು. ಅವರಿಗೆ ಹಣ ಸಿಕ್ಕಿತು. ಕೈಯಾರೆ ಮನೆಗೆ ಮುಟ್ಟಿಸಲಿಲ್ಲ ಎಂಬ ತಕರಾರು ನಿಲ್ಲಲಿಲ್ಲ.

ನಿಮ್ಮ ಪ್ರಕರಣದಲ್ಲಿ ಇಬ್ಬರು ಸಿಕ್ಕಿದ್ದು ಅದೇ ಕ್ಷಣದಲ್ಲಿ, ಯಾವ ಸಾರಿಕೆಗೂ ಮೊದಲು. ಮೂರನೆಯವನಿಗಾಗಿ ನೋಟಿಸು ಹೊರಟಿದ್ದರೂ ಅವನನ್ನು ಹಿಡಿದವರು ಪೊಲೀಸರು. ಇದರ ಮೇಲೆ, ಇಲಾಖೆಯ ಚೀಲ ಕಾಯುವುದು ಪೋಸ್ಟ್‌ಮಾಸ್ಟರ್ ಕರ್ತವ್ಯವೇ ಎಂಬ ವಾದ ಎದುರಿಗೆ ಬರುತ್ತದೆ. ಆ ವಾದಕ್ಕೆ ಉತ್ತರವಿದೆ: ಚೀಲ ಕಾಯುವುದು ಕರ್ತವ್ಯ, ಬೀದಿಯಲ್ಲಿ ಬೆನ್ನಟ್ಟಿ ಹೋಗಿ ಮೈಮೇಲೆ ಬಿದ್ದು ಹಿಡಿಯುವುದು ಅಲ್ಲ. ಆದರೆ ಈ ಉತ್ತರ ವಿವೇಚನಾ ಬಹುಮಾನದ ಅರ್ಜಿಯಲ್ಲಿ ಕೆಲಸ ಮಾಡುತ್ತದೆ, ಸಿವಿಲ್ ದಾವೆಯಲ್ಲಿ ಅಲ್ಲ. ಸರ್ಕಾರದ ಮೇಲೆ ದಾವೆ ಹೂಡಲು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ರ ಎರಡು ತಿಂಗಳ ನೋಟಿಸು ಬೇಕು, ಒಪ್ಪಂದದ ಹಣಕ್ಕೆ ಮೂರು ವರ್ಷದ ಕಾಲಮಿತಿ ಇದೆ. 2017ರ ಘಟನೆಗೆ, ಸಾರಿಕೆಯೂ ಇಲ್ಲದೆ, ದಾವೆಗೆ ದುಡ್ಡು ಹಾಕಬೇಡಿ ಎಂದು ನೇರವಾಗಿ ಹೇಳುತ್ತೇನೆ.

ಇಲಾಖಾ ಬಹುಮಾನದ ತಕರಾರು ಸೇವಾ ವಿಷಯ, ಅದು ಕೇಂದ್ರ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕ್ಯಾಟ್‌ಗೆ ಹೋಗುತ್ತದೆ. ಮುಂಬಯಿ ಪೀಠದ ವ್ಯಾಪ್ತಿಯಲ್ಲಿ ಮಹಾರಾಷ್ಟ್ರವೂ ಗೋವಾವೂ ಸೇರಿವೆ. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಹೋಗಬೇಕು. ಮನವಿ ಕೊಟ್ಟು ಉತ್ತರವೇ ಬರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷ. ಇಲ್ಲೊಂದು ಬಲೆ ಇದೆ. ಹಳೆಯ ವಿಷಯಕ್ಕೆ ಈಗ ಹೊಸ ಮನವಿ ಕೊಟ್ಟು ‘ಇವತ್ತಿನಿಂದ ಅವಧಿ ಶುರು’ ಎನ್ನಲಾಗದು. ಸತ್ತುಹೋದ ಹಕ್ಕು ಹೊಸ ಪತ್ರಕ್ಕೆ ಬಂದ ಉತ್ತರದಿಂದ ಜೀವ ಪಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು 2008ರ ಸಿ. ಜೇಕಬ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಮೊದಲು ತಿಳಿಯಬೇಕಾದದ್ದು ಒಂದೇ: 2018ರ ಸುಮಾರಿಗೆ ಮೇಲಕ್ಕೆ ಹೋಯಿತೆಂಬ ಪ್ರಸ್ತಾವ ನಿಜವಾಗಿ ಹೋಯಿತೇ, ಹೋಗಿದ್ದರೆ ಅದಕ್ಕೆ ಆದೇಶ ಆಯಿತೇ. ಆದೇಶವೇ ಆಗದೆ ಕಡತ ತೆರೆದೇ ಬಿದ್ದಿದ್ದರೆ ನಿಮ್ಮ ಮಾತಿಗೆ ತೂಕವಿದೆ. ಆಗಲೂ ತಡ ಮನ್ನಿಸಲು ಪ್ರತ್ಯೇಕ ಅರ್ಜಿ ಜೊತೆಗಿರಲಿ.

ಡೊಂಬಿವಲಿ ಪೂರ್ವ

ಇಬ್ಬರಿಗೂ ಧನ್ಯವಾದ. ದಾವೆಯ ಯೋಚನೆ ಬಿಟ್ಟೆವು. ಪ್ರಸ್ತಾವ ಹೋಗಿತ್ತೇ ಎಂದು ತಿಳಿಯುವುದು ಹೇಗೆ? ಡಿವಿಜನ್ ಆಫೀಸಿನಲ್ಲಿ ಬಾಯಿಮಾತಿಗೆ ‘ಹಳೇ ಫೈಲು, ಸಿಗಲ್ಲ’ ಎನ್ನುತ್ತಾರೆ. ಪೋಸ್ಟ್‌ಮಾಸ್ಟರ್‌ಗೆ ಇನ್ನೊಂದು ಅಂಜಿಕೆಯೂ ಇದೆ: ಫೈಲು ಕೆದಕಿದರೆ ‘ಅವತ್ತು ಬೆಂಗಾವಲು ಯಾಕಿರಲಿಲ್ಲ, ಕ್ಯಾಶ್ ಮಿತಿಗಿಂತ ಹೆಚ್ಚಿತ್ತಲ್ಲ’ ಎಂದು ತಿರುಗಿ ಇವರ ಪೆನ್ಷನ್ನಿಗೇ ಕೈ ಹಾಕಿದರೆ?

ಮಾಹಿತಿ ಹಕ್ಕು, ವಾಶಿ

ಎರಡು ಆರ್‌ಟಿಐ ಅರ್ಜಿ ಹಾಕಿ, ಎರಡನ್ನೂ ಒಂದೇ ದಿನ.

ಮೊದಲನೆಯದು ಅಂಚೆ ಡಿವಿಜನ್‌ನ ಕೇಂದ್ರ ಮಾಹಿತಿ ಅಧಿಕಾರಿಗೆ. ಶುಲ್ಕ 10 ರೂ., ಪೋಸ್ಟಲ್ ಆರ್ಡರ್ ಸಾಕು, ಇಲ್ಲವಾದರೆ ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲೇ ಹಾಕಬಹುದು. ಭಾಷೆ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಮಾತ್ರ, ಅಂದರೆ ಇಲ್ಲಿ ಮರಾಠಿ. ಕನ್ನಡದಲ್ಲಿ ಬರೆದದ್ದು ಇಲ್ಲಿ ನಡೆಯುವುದಿಲ್ಲ. ‘ಯಾಕೆ ಕೊಟ್ಟಿಲ್ಲ?’ ಎಂದು ಕೇಳಬೇಡಿ. ಆರ್‌ಟಿಐ ಕೊಡುವುದು ಇರುವ ಕಾಗದವನ್ನು, ಕಾರಣ ವಿವರಣೆಯನ್ನಲ್ಲ. ಹೀಗೆ ಕೇಳಿ:

ಇಂಥ ದಿನಾಂಕದ, ಇಂಥ ಸಬ್ ಆಫೀಸಿನ ಕ್ಯಾಶ್ ಬ್ಯಾಗು ಸುಲಿಗೆಗೆ ಸಂಬಂಧಿಸಿ ಡಿವಿಜನ್‌ನ ಲಾಸ್ ಅಂಡ್ ಫ್ರಾಡ್ ಶಾಖೆಯಲ್ಲಿರುವ ಕಡತದ ಸಂಖ್ಯೆ. ಆ ಕಡತದ ಟಿಪ್ಪಣಿ ಹಾಳೆಗಳ ಪ್ರತಿ. ಪೋಸ್ಟ್‌ಮಾಸ್ಟರ್‌ಗೆ ನಗದು ಬಹುಮಾನ ಕೋರಿ ರೀಜನ್ ಅಥವಾ ಸರ್ಕಲ್ ಕಚೇರಿಗೆ ಹೋದ ಪತ್ರ ಮತ್ತು ಅದಕ್ಕೆ ಬಂದ ಉತ್ತರದ ಪ್ರತಿ. ಆ ದಿನಗಳ ರವಾನೆ ಪುಸ್ತಕದ ಸಂಬಂಧಪಟ್ಟ ಪುಟ. ಇಂಥ ಬಹುಮಾನ ಮಂಜೂರು ಮಾಡುವ ಅಧಿಕಾರ ಯಾವ ಹುದ್ದೆಗೆ ಎಷ್ಟರವರೆಗೆ ಎಂಬ ಜಾರಿಯಲ್ಲಿರುವ ಆದೇಶದ ಪ್ರತಿ. ಕಡತ ನಾಶವಾಗಿದ್ದರೆ ನಾಶಪಡಿಸಿದ ಆದೇಶ ಮತ್ತು ದಿನಾಂಕ.

ಕೊನೆಯ ಕೋರಿಕೆ ಬಹಳ ಮುಖ್ಯ. ‘ಸಿಗಲ್ಲ’ ಎಂಬ ಬಾಯಿಮಾತು ಅಲ್ಲಿಗೆ ನಿಲ್ಲುತ್ತದೆ, ಕಡತ ಹುಡುಕಬೇಕು ಇಲ್ಲವೇ ನಾಶದ ಕಾಗದ ತೋರಿಸಬೇಕು. ಜೊತೆಗೆ ಕಡತ ಪರಿಶೀಲನೆಯನ್ನೂ ಕೇಳಿ. ಮೊದಲ ಗಂಟೆ ಉಚಿತ, ಆಮೇಲೆ ಗಂಟೆಗೆ 5 ರೂ., ನಕಲಿಗೆ ಪುಟಕ್ಕೆ 2 ರೂ. ಕಡತ ಎದುರಿಗಿದ್ದರೆ ಯಾವ ಪುಟ ಬೇಕೆಂದು ಗುರುತು ಹಾಕಿಕೊಂಡು ಅಷ್ಟನ್ನೇ ತರಬಹುದು.

ಎರಡನೆಯದು ಪೊಲೀಸ್ ಠಾಣೆ ಯಾರ ಕೆಳಗೆ ಬರುತ್ತದೋ ಅಲ್ಲಿನ ರಾಜ್ಯ ಮಾಹಿತಿ ಅಧಿಕಾರಿಗೆ. ಇಲ್ಲಿ ಮಹಾರಾಷ್ಟ್ರದ ನಿಯಮ ಬೇರೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕೇಂದ್ರದಲ್ಲಿ 500 ಪದದ ತನಕ ಅವಕಾಶವಿದೆ, ಅದೇ ಪ್ರತಿಯನ್ನು ಇಲ್ಲಿ ಕೊಟ್ಟು ಕೈಸುಟ್ಟುಕೊಳ್ಳುವವರು ಬಹಳ. ನಮೂನೆ ‘ಜೋಡಪತ್ರ ಅ’, 10 ರೂ. ಕೋರ್ಟ್ ಫೀ ಸ್ಟ್ಯಾಂಪು ಹಚ್ಚಿದರೆ ಸಾಕು. ಕೇಳಬೇಕಾದದ್ದು ಇಷ್ಟೇ: ಈ ಗುನ್ಹೆ ಸಂಖ್ಯೆಗೆ ಸಂಬಂಧಿಸಿ ‘ಬಕ್ಷೀಸ್’ ಘೋಷಣೆ ಅಥವಾ ಮಂಜೂರಾತಿ ಆಗಿದ್ದರೆ ಆದೇಶದ ಪ್ರತಿ, ಮತ್ತು ಹಣ ಯಾರಿಗೆ ಸಂದಾಯವಾಯಿತು. ತನಿಖೆಗೆ ಅಡ್ಡಿ ಎಂಬ 8(1)(ಎಚ್) ನೆಪ ಇಲ್ಲಿ ನಿಲ್ಲುವುದಿಲ್ಲ, 2022ರಲ್ಲೇ ಶಿಕ್ಷೆಯಾಗಿದೆ. ಮೇಲ್ಮನವಿ ಬಾಕಿ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.

30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಅದೂ ವಿಫಲವಾದರೆ 90 ದಿನದೊಳಗೆ ಆಯೋಗಕ್ಕೆ: ಅಂಚೆಯದು ಕೇಂದ್ರ ಆಯೋಗ, ಪೊಲೀಸರದು ರಾಜ್ಯ ಆಯೋಗ.

ಭಾಷೆಯಲ್ಲೊಂದು ಎಚ್ಚರಿಕೆ. ಮರಾಠಿಯಲ್ಲಿ ಬರೆಯುವಾಗ ನಮ್ಮವರು ‘ದರೋಡೆ’ಯನ್ನು ನೇರವಾಗಿ ‘ದರೋಡಾ’ ಮಾಡಿಬಿಡುತ್ತಾರೆ. ಇಲ್ಲಿನ ಪೊಲೀಸ್ ಕಾಗದದಲ್ಲಿ ದರೋಡಾ ಎಂದರೆ ಐದು ಅಥವಾ ಹೆಚ್ಚು ಜನ ಸೇರಿ ಮಾಡಿದ್ದು, ಐಪಿಸಿ 395. ಮೂವರು ಮಾಡಿದ್ದು ‘ಜಬರೀ ಚೋರಿ’. ತಪ್ಪು ಪದ ಹಾಕಿದರೆ ‘ಅಂಥ ಗುನ್ಹೆ ನಮ್ಮ ದಾಖಲೆಯಲ್ಲಿ ಇಲ್ಲ’ ಎಂಬ ಉತ್ತರ ನ್ಯಾಯವಾಗಿಯೇ ಬರುತ್ತದೆ. ಕೋರ್ಟಿನ ನಕಲಿಗೂ ಇದೇ ಮಾತು: 395 ಸೆಷನ್ಸ್ ಕೋರ್ಟಿನದು, 394 ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಡೆಯುವಂಥದ್ದು. ಕೇಸ್ ನಂಬರ್ ಇಲ್ಲದಿದ್ದರೆ ಇ-ಕೋರ್ಟ್ಸ್ ತಾಣದಲ್ಲಿ ಠಾಣೆ, ಎಫ್‌ಐಆರ್ ಸಂಖ್ಯೆ, ವರ್ಷ ಹಾಕಿ ಹುಡುಕಿ, 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಬರೆದುಕೊಂಡು ನಕಲು ವಿಭಾಗಕ್ಕೆ ಹೋಗಿ.

ಕೆಂಪು ಡಬ್ಬಿ, ಮುಲುಂಡ್

ಪೆನ್ಷನ್ ಅಂಜಿಕೆಗೆ ಉತ್ತರ. ಸೇವೆಯಲ್ಲಿದ್ದಾಗ ನಿರ್ಲಕ್ಷ್ಯದಿಂದ ಆದ ನಷ್ಟವನ್ನು ಸಂಬಳದಿಂದ ವಸೂಲು ಮಾಡಲು ಸಿಸಿಎಸ್ ಸಿಸಿಎ (ಕೇಂದ್ರ ನೌಕರರ ಶಿಸ್ತು) ನಿಯಮ 11ರಲ್ಲಿ ಅವಕಾಶವಿದೆ. ಸುಲಿಗೆ ಪ್ರಕರಣಗಳಲ್ಲಿ ಇಲಾಖೆ ಮೊದಲು ನೋಡುವುದೇ ಅದನ್ನು: ಬೆಂಗಾವಲಿನ ಆದೇಶವಿತ್ತೇ, ಕ್ಯಾಶು ನಿಗದಿತ ಮಿತಿಯೊಳಗಿತ್ತೇ, ಚೀಲ ಹೊರಟ ಹೊತ್ತು ಸರಿಯಿತ್ತೇ. ಆದರೆ ನಿವೃತ್ತಿಯ ನಂತರ ಹೊಸದಾಗಿ ಇಲಾಖಾ ವಿಚಾರಣೆ ಶುರುಮಾಡಲು ರಾಷ್ಟ್ರಪತಿಯವರ ಮಂಜೂರಾತಿ ಬೇಕು, ಘಟನೆ ನಾಲ್ಕು ವರ್ಷಕ್ಕಿಂತ ಹಳೆಯದಾಗಿರಬಾರದು. 1972ರ ಪೆನ್ಷನ್ ನಿಯಮ 9ರಲ್ಲಿ ಇದ್ದದ್ದು ಇದೇ, 2021ರ ನಿಯಮ 8ರಲ್ಲಿ ಇರುವುದೂ ಇದೇ. 2017ರ ಘಟನೆಗೆ ಆ ಬಾಗಿಲು 2021ರಲ್ಲೇ ಮುಚ್ಚಿದೆ. ಅದೂ ಅಲ್ಲದೆ ಬ್ಯಾಗು ಪೂರ್ತಿ ವಾಪಸು ಬಂದಿದೆ, ವಸೂಲು ಮಾಡಲು ನಷ್ಟವೇ ಇಲ್ಲ. ಧೈರ್ಯವಾಗಿ ಕೇಳಲಿ.

ಆದರೂ ಬೆಂಗಾವಲಿನ ವಿಷಯ ಅರ್ಜಿಯಲ್ಲಿ ಮುಚ್ಚಿಡಬೇಡಿ. ಕಡತದಲ್ಲಿ ಆ ಪ್ರಶ್ನೆ ಎದ್ದಿದ್ದರೆ ಅದಕ್ಕೆ ಅವರು ಕೊಟ್ಟ ವಿವರಣೆಯ ಪ್ರತಿಯನ್ನೂ ಲಗತ್ತಿಸಿ. ಬಹುಮಾನದ ಪ್ರಸ್ತಾವಗಳು ಸದ್ದಿಲ್ಲದೆ ಸಾಯುವುದು ಇಂಥ ಕಡೆಯಲ್ಲೇ: ಕೆಳಗಿನ ಕಚೇರಿ ಬರೆಯುತ್ತದೆ, ಮೇಲಿನ ಕಚೇರಿ ‘ನೌಕರನ ಕಡೆಯಿಂದ ಲೋಪವಿತ್ತೇ?’ ಎಂದು ಕೇಳುತ್ತದೆ, ಅಷ್ಟರಲ್ಲಿ ಕೆಳಗಿನ ಅಧಿಕಾರಿ ವರ್ಗವಾಗಿರುತ್ತಾರೆ, ಆ ಪ್ರಶ್ನೆಗೆ ಯಾರೂ ಉತ್ತರ ಬರೆಯುವುದಿಲ್ಲ. ಆರ್‌ಟಿಐಯಲ್ಲಿ ಸಿಗುವುದು ಹೆಚ್ಚಾಗಿ ಇಂಥ ಅರ್ಧಕ್ಕೆ ನಿಂತ ಪತ್ರವೇ. ಸಿಕ್ಕರೆ ಅದೇ ನಿಮ್ಮ ಬಲ. ತಿರಸ್ಕಾರ ಆಗಿಲ್ಲ, ವಿಷಯ ಬಾಕಿ ಇದೆ ಎಂದು ಇಲಾಖೆಯ ಕಾಗದವೇ ಹೇಳುತ್ತದೆ.

ಆರ್‌ಟಿಐ ಉತ್ತರ ಕೈಗೆ ಬಂದ ಮೇಲೆ ಅರ್ಜಿ ಬರೆಯಿರಿ, ಮೊದಲೇ ಬೇಡ. ಡಿವಿಜನ್‌ನ ಸೀನಿಯರ್ ಸೂಪರಿಂಟೆಂಡೆಂಟ್ ಹೆಸರಿಗೆ, ಪ್ರತಿ ರೀಜನ್‌ನ ಪೋಸ್ಟ್‌ಮಾಸ್ಟರ್ ಜನರಲ್‌ಗೆ. ಗೋವಾದಲ್ಲಿರುವವರು ಗಮನಿಸಿ, ಗೋವಾ ಕೂಡ ಮಹಾರಾಷ್ಟ್ರ ಸರ್ಕಲ್‌ಗೇ ಸೇರಿದ್ದು, ರೀಜನ್ ಕಚೇರಿ ಪಣಜಿಯಲ್ಲಿದೆ. ಸರ್ಕಲ್‌ನ ತಲೆ ಮುಂಬಯಿಯ ಚೀಫ್ ಪೋಸ್ಟ್‌ಮಾಸ್ಟರ್ ಜನರಲ್. (ಕೋಟೆ ಭಾಗದ ಜಿಪಿಒಗೆ ಹೋಗಿ ಅರ್ಜಿ ಕೊಟ್ಟು ಬರುವವರಿದ್ದಾರೆ. ನಮ್ಮ ವಿಜಯಪುರದ ಗೋಳಗುಮ್ಮಟದ ಮಾದರಿಯ ಆ ಗುಮ್ಮಟ ತಲೆಯೆತ್ತಿ ನೋಡುವಂಥದ್ದೇ, ಆದರೆ ಈ ಅರ್ಜಿಯ ಜಾಗ ಅದಲ್ಲ.)

ಅರ್ಜಿ ಒಂದೂವರೆ ಪುಟ ಮೀರದಿರಲಿ. ಒಕ್ಕಣೆ ಹೀಗಿರಬಹುದು, ಮರಾಠಿಗೋ ಇಂಗ್ಲಿಷಿಗೋ ಮಾಡಿಕೊಳ್ಳಿ:

‘ವಿಷಯ: ದಿನಾಂಕ … ರ ಕ್ಯಾಶ್ ಬ್ಯಾಗು ಸುಲಿಗೆಯಲ್ಲಿ ಆರೋಪಿಗಳನ್ನು ಸ್ಥಳದಲ್ಲೇ ಹಿಡಿದದ್ದಕ್ಕೆ ನಗದು ಬಹುಮಾನ, ತಮ್ಮ ಕಚೇರಿಯ ಕಡತ … ರಲ್ಲಿ ಬಾಕಿ ಇರುವ ಪ್ರಸ್ತಾವ ಇತ್ಯರ್ಥಪಡಿಸುವ ಕುರಿತು. 1. ನಾನು ಸದರಿ ದಿನ … ಸಬ್ ಆಫೀಸಿನ ಪೋಸ್ಟ್‌ಮಾಸ್ಟರ್ ಆಗಿದ್ದೆ. 2. ಕ್ಯಾಶ್ ಬ್ಯಾಗಿನಲ್ಲಿ … ರೂ. ಇತ್ತು, ಡೈಲಿ ಅಕೌಂಟಿನ ಪ್ರತಿ ಲಗತ್ತು 1. 3. ಆರೋಪಿ 1 ಮತ್ತು 2ನ್ನು ನಾನು ಮತ್ತು ಇಂಥ ನಾಗರಿಕರು ಹಿಡಿದು ಪೊಲೀಸರಿಗೆ ಒಪ್ಪಿಸಿದೆವು, ತೀರ್ಪಿನ ಪುಟ …, ಪ್ಯಾರಾ …, ಲಗತ್ತು 2. 4. ಪೂರ್ತಿ ಮೊತ್ತ ಇಲಾಖೆಗೆ ವಾಪಸು ಜಮೆಯಾಗಿದೆ, ಲಗತ್ತು 3. 5. ನನ್ನ ಕಡೆಯಿಂದ ಯಾವ ಲೋಪವೂ ದಾಖಲಾಗಿಲ್ಲ. 6. ಬಹುಮಾನದ ಪ್ರಸ್ತಾವ ದಿನಾಂಕ … ರಂದು ರೀಜನ್ ಕಚೇರಿಗೆ ಹೋಗಿದೆ, ಆದೇಶವಾಗಿಲ್ಲ, ಲಗತ್ತು 4. ಸದರಿ ಪ್ರಸ್ತಾವದ ಮೇಲೆ ಕಾರಣ ಸಹಿತ ಆದೇಶ ಮಾಡಿ ತಿಳಿಸಬೇಕೆಂದು ಕೋರುತ್ತೇನೆ.’

ಮೊತ್ತ ನಮೂದಿಸಬೇಡಿ. ‘ಒಂದು ಲಕ್ಷ ಕೊಡಿ’ ಎಂದರೆ ಆ ಅಧಿಕಾರಿಯ ಮಂಜೂರಾತಿ ಮಿತಿಗಿಂತ ಹೆಚ್ಚಿನದಾಗಿ ಕಡತ ಮತ್ತೆ ಮೇಲಕ್ಕೆ ಹತ್ತುತ್ತದೆ. ‘ಕಾರಣ ಸಹಿತ ಆದೇಶ’ ಎಂಬ ಮಾತು ಮಾತ್ರ ಬಿಡಬೇಡಿ. ಮುಂದೆ ಕ್ಯಾಟ್‌ಗೆ ಹೋಗುವುದಾದರೆ ಕೈಯಲ್ಲಿರಬೇಕಾದ್ದು ಆ ಆದೇಶವೇ.

ಕಳಿಸುವಾಗ ಹಳೆಯವರು ‘ರಿಜಿಸ್ಟರ್ಡ್ ಎ.ಡಿ.’ ಕೇಳುತ್ತಾರೆ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ್ದಕ್ಕೆ ಪುರಾವೆ ಕೇಳಿ ಪಡೆದು, ರಸೀದಿಯ ಜೆರಾಕ್ಸ್ ಮಾಡಿಟ್ಟುಕೊಳ್ಳಿ. ಆ ರಸೀದಿಯ ಶಾಯಿ ಒಂದೆರಡು ವರ್ಷದಲ್ಲಿ ಅಳಿಸಿಹೋಗುತ್ತದೆ.

ಅಕ್ಕಲಕೋಟ ರಸ್ತೆ, ಸೊಲ್ಲಾಪುರ

ಒಂದು ಮಾತು ಸೇರಿಸತೀನ್ರಿ. ಇದನ್ನ ಓದಿ ಹಳ್ಳಿ ಬ್ರಾಂಚ್ ಪೋಸ್ಟ್‌ಮಾಸ್ಟರ್‌ಗಳೂ ಇದೇ ದಾರಿ ಹಿಡದಾರು, ಅದಕ್ಕ. ಅಕ್ಕಲಕೋಟ, ಜತ್ತ ಕಡೆ ನಮ್ಮ ಕನ್ನಡದವರು ಬಹಳ ಮಂದಿ ಬ್ರಾಂಚ್ ಪೋಸ್ಟ್‌ಮಾಸ್ಟರ್ ಅದಾರ. ಅವರು ಗ್ರಾಮೀಣ ಡಾಕ್ ಸೇವಕರು. ಅವರಿಗೆ ಬರೋದು ಟಿಆರ್‌ಸಿಎ (ಕೆಲಸದ ತಾಸಿಗೆ ತಕ್ಕ ಭತ್ಯೆ), ಸಂಬಳ ಅಲ್ಲ. ಫಂಡಮೆಂಟಲ್ ರೂಲ್ಸ್ ಅವರಿಗೆ ಹತ್ತಂಗಿಲ್ಲ, ಸಿಸಿಎಸ್ ಪೆನ್ಷನ್ ನಿಯಮಾನೂ ಹತ್ತಂಗಿಲ್ಲ. ಹಂಗಾಗಿ ಮ್ಯಾಲೆ ಹೇಳಿದ ನಾಲ್ಕು ವರ್ಷದ ರಕ್ಷಣೆ ನಮಗೂ ಐತಿ ಅಂತ ತಿಳಕೊಂಡು ಕುಂದರಬಾರದು. ಅವರ ನಿಯಮಾವಳಿ ಬ್ಯಾರೆ, ಈಗಿನದು 2020ರದು.

ಆದರ ಕ್ಯಾಟ್ ಬಾಗಿಲಾ ಅವರಿಗೂ ತೆರದೈತಿ. ಡಾಕ್ ಸೇವಕರ ಹುದ್ದೆ ಸಿವಿಲ್ ಹುದ್ದೆನ ಅಂತ ಸುಪ್ರೀಂ ಕೋರ್ಟು 1977ರಾಗ ಪಿ.ಕೆ. ರಾಜಮ್ಮ ಪ್ರಕರಣದಾಗ ಹೇಳೇತಿ. ಬ್ರಾಂಚ್ ಆಫೀಸಿನ ಕಡೆ ಇನ್ನೊಂದು ತೊಡಕು ಅಂದ್ರ, ಆಫೀಸು ಇರೋದು ಅವರ ಮನಿಯಾಗ. ಕಳ್ಳರು ಮನಿ ಸಾಮಾನೂ ಒಯ್ದು ಚೀಲಾನೂ ಒಯ್ದರ ಪಂಚನಾಮೆಯೊಳಗ ಎರಡೂ ಒಂದಾ ಪಟ್ಟಿಯಾಗ ಬೀಳತಾವ. ಸರ್ಕಾರಿ ರೊಕ್ಕ, ಸ್ಟಾಂಪು, ಚೀಲ, ಸೀಲು ಬ್ಯಾರೆ ಸಾಲಿನಾಗ, ಸ್ವಂತದ್ದು ಬ್ಯಾರೆ ಸಾಲಿನಾಗ ಬರಸರಿ. ಪಂಚನಾಮೆಗೆ ಸಹಿ ಬಿದ್ದ ಮ್ಯಾಲೆ ತಿದ್ದೋದು ಕಷ್ಟ.

ಶಿವಾಜಿನಗರ ವಕೀಲ, ಪುಣೆ

ಹಣ ಮಂಜೂರಾದರೆ ತೆರಿಗೆಯ ವಿಷಯ ಚುಟುಕಾಗಿ. ಸಾರ್ವಜನಿಕ ಹಿತದ ಉದ್ದೇಶಕ್ಕೆ ಕೇಂದ್ರ ಸರ್ಕಾರ ಅನುಮೋದಿಸಿದ ಸರ್ಕಾರಿ ಬಹುಮಾನಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 10(17ಎ)ಯಲ್ಲಿ ವಿನಾಯಿತಿ ಇತ್ತು. ಸರ್ಕಾರ ಕೊಟ್ಟದ್ದೆಲ್ಲ ತಾನಾಗಿ ವಿನಾಯಿತಿಗೆ ಬರುವುದಿಲ್ಲ, ಅನುಮೋದನೆ ಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ, ಆದ್ದರಿಂದ ಮಂಜೂರಾತಿ ಆದೇಶ ಕೈಗೆ ಬಂದಾಗ ಅದರಲ್ಲಿ ಯಾವ ನಿಯಮ ನಮೂದಾಗಿದೆ ಎಂದು ನೋಡಿ ರಿಟರ್ನಿನಲ್ಲಿ ತೋರಿಸಿ.

ಡೊಂಬಿವಲಿ ಪೂರ್ವ

ಬಹಳ ಉಪಕಾರವಾಯಿತು. ಕೊನೆಯದಾಗಿ ಒಂದು. ಚೀಲ ಹೊತ್ತಿದ್ದ ನೌಕರ ಮತ್ತು ಅಂಗಡಿಯವರು ಇಬ್ಬರೂ ಇದ್ದಾರೆ. ಅವರ ಹೆಸರು ಸೇರಿಸಿದರೆ ಇವರ ಪಾಲು ಕಡಿಮೆಯಾಗುತ್ತದೆ ಎಂದು ಮನೆಯವರು ಹೇಳುತ್ತಿದ್ದಾರೆ. ಏನು ಮಾಡಬೇಕು?

ಕೆಂಪು ಡಬ್ಬಿ, ಮುಲುಂಡ್

ಸೇರಿಸಲೇಬೇಕು. ಮೊದಲನೆಯದಾಗಿ ಅದು ಅವರ ನ್ಯಾಯ. ಕಣ್ಣಿಗೆ ಖಾರ ಬಿದ್ದದ್ದು ಆ ನೌಕರನಿಗೆ, ಕರ್ತವ್ಯವೇ ಇಲ್ಲದಿದ್ದರೂ ನುಗ್ಗಿ ಹಿಡಿದವರು ಅಂಗಡಿಯವರು. ಎರಡನೆಯದಾಗಿ ತೀರ್ಪಿನಲ್ಲಿ ಅವರ ಸಾಕ್ಷ್ಯವೂ ಇರುತ್ತದೆ. ನೀವು ಹೆಸರು ಬಿಟ್ಟರೂ ಪರಿಶೀಲಿಸುವವರು ಅಲ್ಲಿ ಓದುತ್ತಾರೆ, ಆಗ ಅರ್ಜಿಯ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ಅರ್ಧ ದಾರಿಯಲ್ಲಿ ಅವರು ಪ್ರತ್ಯೇಕ ಅರ್ಜಿ ಹಾಕಿದರಂತೂ ಮೂರೂ ಕಡತ ಒಟ್ಟಿಗೆ ನಿಲ್ಲುತ್ತವೆ.

ಅರ್ಜಿ ಮಾತ್ರ ಬೇರೆ ಬೇರೆ ಇರಲಿ. ಪೋಸ್ಟ್‌ಮಾಸ್ಟರ್ ಮತ್ತು ನೌಕರ ಇಲಾಖೆಯವರು, ಅಂಗಡಿಯವರು ಹೊರಗಿನವರು, ಹಾಗಾಗಿ ಮಂಜೂರಾತಿಯ ಆದೇಶವೂ ಬೇರೆ. ಮೂರೂ ಅರ್ಜಿಗಳಲ್ಲಿ ಯಾರು ಯಾವ ಆರೋಪಿಯನ್ನು ಎಲ್ಲಿ ಹಿಡಿದರು ಎಂಬ ಪ್ಯಾರಾ ಅಕ್ಷರವೂ ಬದಲಾಗದಂತೆ ಒಂದೇ ಇರಲಿ, ಮತ್ತು ಅದು ಕೋರ್ಟಿನ ಹೇಳಿಕೆಗೆ ಹೊಂದಲಿ. ಇನ್ನೊಂದು, ಅಂಗಡಿಯವರದು ಬಾಡಿಗೆ ಮಳಿಗೆಯಾಗಿದ್ದು ಈಗ ಬೇರೆ ಕಡೆ ಹೋಗಿದ್ದರೆ, ತೀರ್ಪಿನಲ್ಲಿರುವ ವಿಳಾಸ ಮತ್ತು ಈಗಿನ ವಿಳಾಸ ಎರಡನ್ನೂ ಬರೆಸಿ, ಆಧಾರ್ ಪ್ರತಿ ಲಗತ್ತಿಸಿ. ಮಂಜೂರಾದ ಹಣ ‘ವಿಳಾಸದಲ್ಲಿ ವ್ಯಕ್ತಿ ಇಲ್ಲ’ ಎಂದು ವಾಪಸು ಹೋದರೆ ಮತ್ತೆ ಬಿಡಿಸಿಕೊಳ್ಳಲು ಮೊದಲಿನಿಂದ ಓಡಾಡಬೇಕು.